ಪದಚರ್ಚೆ: ಜೈಲ್ ‘ಡೈವರ್ಷನ್’ಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಒಂದು ಪದ ವಾರದಿಂದ ತಲೆ ತಿನ್ನುತ್ತಿದೆ. ಅಮೆರಿಕದ ಫ್ಲಾರಿಡಾದಲ್ಲಿರುವ ಮಯಾಮಿ-ಡೇಡ್ ಕೌಂಟಿಯ ಬಗ್ಗೆ ಒಂದು ಲೇಖನವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಮಾನಸಿಕ ಕಾಯಿಲೆ ಇರುವವರು ಸಣ್ಣಪುಟ್ಟ ಕೇಸಿನಲ್ಲಿ ಸಿಕ್ಕಿಬಿದ್ದರೆ ಜೈಲಿನಲ್ಲಿ ಕೊಳೆಯಲು ಬಿಡದೆ ಚಿಕಿತ್ಸೆಗೆ ಕಳಿಸುವ ವ್ಯವಸ್ಥೆ ಅಲ್ಲಿದೆ. ನ್ಯಾಯಾಧೀಶ ಸ್ಟೀವನ್ ಲೀಫ್‌ಮನ್ 2000ದಲ್ಲಿ ಶುರುಮಾಡಿದ್ದು. ಇದಕ್ಕೆ ಅವರು ‘ಜೈಲ್ ಡೈವರ್ಷನ್’ ಅನ್ನುತ್ತಾರೆ. ನಾವು?

ಮೊದಲು ‘ತಿರುವು’ ಅಂತ ಬರೆದೆ. ‘ನೇತ್ರಾವತಿ ನದಿ ತಿರುವು’ ಅಂತ ಪೇಪರಿನಲ್ಲಿ ಓದಿ ಓದಿ ಕೈಗೆ ಅದೇ ಬಂತು. ಅಮ್ಮನಿಗೆ ಓದಿ ಹೇಳಿದೆ. ಅವರೆಕಾಯಿ ಸುಲಿಯುತ್ತಾ ಕೇಳಿಸಿಕೊಂಡರು. ‘ಆಸ್ಪತ್ರೆ ಕಡೆ ತಿರುಗಿಸೋಕೆ ಅವರೇನು ದನಾನಾ?’ ಅಂದರು. ಅಲ್ಲಿಗೆ ಅದನ್ನು ಹೊಡೆದುಹಾಕಿದೆ.

‘ಮಾರ್ಗ ಬದಲಾವಣೆ’ ಅಂದರೆ ರಸ್ತೆ ಅಗೆದ ಕಡೆ ನಿಲ್ಲಿಸುವ ಬೋರ್ಡು. ‘ಗಮನ ಬೇರೆಡೆ ಸೆಳೆಯುವುದು’ ಬ್ಯಾಂಕಿನ ಮುಂದೆ ನೋಟು ಚೆಲ್ಲಿ ಬ್ಯಾಗ್ ಎತ್ತುವವರ ಕಸುಬು. ‘ಜೈಲು ತಪ್ಪಿಸುವುದು’ ಅಂದರೆ ದುಡ್ಡಿರುವವರ ಕೆಲಸ ಅನ್ನಿಸುತ್ತೆ, ಅಲ್ವಾ?

ಇನ್ನು ‘ವರ್ಗಾವಣೆ’. ಸರ್ಕಾರಿ ನೌಕರಿಯ ವಾಸನೆ ಬಂದರೂ ಪರವಾಗಿಲ್ಲ ಅಂದುಕೊಂಡೆ. ಆದರೆ ಅಲ್ಲಿ ಬೇರೆಯೇ ತೊಡಕಿದೆ. ನಮ್ಮ 2017ರ ಮಾನಸಿಕ ಆರೋಗ್ಯ ಕಾಯ್ದೆಯ 103ನೇ ಸೆಕ್ಷನ್ನಿನಲ್ಲಿ ಕಾಯಿಲೆ ಇರುವ ಕೈದಿಯನ್ನು ಜೈಲಿನಿಂದ ಆಸ್ಪತ್ರೆಗೆ ಕಳಿಸುವ ಮಾತಿದೆ. ಅದು ನಿಜಕ್ಕೂ ವರ್ಗಾವಣೆಯೇ. ಹಾಸಿಗೆ ಬದಲಾಯಿತು, ಆದರೆ ಆಸ್ಪತ್ರೆಯಲ್ಲೂ ಅವನು ಕೈದಿಯೇ. ಮಯಾಮಿಯಲ್ಲಿ ಹಾಗಲ್ಲ. ಸಣ್ಣ ಅಪರಾಧದವನು ಚಿಕಿತ್ಸೆಗೆ ಒಪ್ಪಿ ಅದರಂತೆ ನಡೆದುಕೊಂಡರೆ ಕೇಸನ್ನೇ ಕೈಬಿಡಬಹುದು. ಜಾಗದ ಜತೆ ಅವನ ಹಣೆಪಟ್ಟಿಯೂ ಬದಲಾಗುತ್ತದೆ. ನನಗೆ ಬೇಕಾದ ಪದದಲ್ಲಿ ಇದು ಕೇಳಿಸಬೇಕು.

ಸಾಲದ್ದಕ್ಕೆ ಡೈವರ್ಷನ್ ಎರಡು ಹಂತದಲ್ಲಿ ಆಗುತ್ತದೆ. ಜೈಲಿಗೆ ಹೋದ ಮೇಲೆ ಕೋರ್ಟ್ ಮೂಲಕ ಆಗೋದು ಒಂದು. ಇನ್ನೊಂದು ಅದಕ್ಕೂ ಮುಂಚೆ, ಬೀದಿಯಲ್ಲೇ. ಟೆನೆಸಿಯ ಮೆಂಫಿಸ್ ನಗರದ ಪೊಲೀಸರು 1988ರಲ್ಲಿ ಕಟ್ಟಿದ ಮಾದರಿ ಅದು. 40 ಗಂಟೆ ತರಬೇತಿ ಪಡೆದ ಪೊಲೀಸ್ ಬಂದು, ಕೂಗಾಡುತ್ತಿರುವವನನ್ನು ಮಾತಾಡಿಸಿ, ಸಮಾಧಾನ ಮಾಡಿ, ಸೀದಾ ಆಸ್ಪತ್ರೆಗೆ ಕರೆದೊಯ್ಯುತ್ತಾನೆ. ಇಂಥ ಪೊಲೀಸರ ತಂಡಕ್ಕೆ ಇಂಗ್ಲಿಷಿನಲ್ಲಿ ‘ಕ್ರೈಸಿಸ್ ಇಂಟರ್ವೆನ್ಷನ್ ಟೀಮ್’ ಅನ್ನುತ್ತಾರೆ. ಅದಕ್ಕೆ ‘ಬಿಕ್ಕಟ್ಟು ನಿರ್ವಹಣಾ ತಂಡ’ ಅಂತ ಬರೆದು ನಾನೇ ನಕ್ಕೆ. ಶಾಸಕರನ್ನು ರೆಸಾರ್ಟಿಗೆ ಕರೆದೊಯ್ಯುವವರು ನೆನಪಾದರು.

ಬೀದಿಯ ಹಂತಕ್ಕೆ ಬಂದರೆ ‘ವಶಕ್ಕೆ ಪಡೆದರು’ ಅನ್ನುವ ಮಾತು ಕಾಲಿಗೆ ತೊಡರುತ್ತದೆ. ನಮ್ಮ ಅದೇ 2017ರ ಕಾಯ್ದೆಯ 100ನೇ ಸೆಕ್ಷನ್ ಏನು ಹೇಳುತ್ತದೆ ನೋಡಿ: ಕಾಯಿಲೆಯಿಂದ ತನ್ನನ್ನು ತಾನು ನೋಡಿಕೊಳ್ಳಲಾಗದೆ ಅಲೆಯುತ್ತಿರುವವರು ಕಂಡರೆ ಪೊಲೀಸರು ರಕ್ಷಣೆಗೆ ತೆಗೆದುಕೊಳ್ಳಬೇಕು. 24 ಗಂಟೆಯೊಳಗೆ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ಯಬೇಕು. ಲಾಕಪ್ಪಿನಲ್ಲಾಗಲಿ ಜೈಲಿನಲ್ಲಾಗಲಿ ಇಡುವಂತೆಯೇ ಇಲ್ಲ. ಆದರೂ ನಮ್ಮ ಸುದ್ದಿಗಳಲ್ಲಿ ‘ಮಾನಸಿಕ ಅಸ್ವಸ್ಥ ಪೊಲೀಸ್ ವಶಕ್ಕೆ’ ಅಂತಲೇ ಬರುತ್ತದೆ. ಓದಿದವರಿಗೆ ಕೈಕೋಳ ಕಾಣುತ್ತದೆ. ‘ಸುಪರ್ದಿ’ ಸ್ವಲ್ಪ ಮೆತ್ತಗಿದೆ, ಆದರೆ ಅದರಲ್ಲಿ ಮನುಷ್ಯನೂ ಒಂದೇ, ಜಪ್ತಿಯಾದ ಬೈಕೂ ಒಂದೇ.

‘ಆರೈಕೆ’ಯ ಬಗ್ಗೆ ನನಗೆ ಅನುಮಾನವಿಲ್ಲ. ಬಾಣಂತಿ ಆರೈಕೆ ಅನ್ನೋ ಪದ ಅದು. ಬಿಸಿನೀರು, ಬೆಚ್ಚನೆ ಕೋಣೆ, ಪಕ್ಕದಲ್ಲೊಂದು ಜೀವ, ಎಲ್ಲ ಇದೆ ಅದರಲ್ಲಿ. ‘ಚಿಕಿತ್ಸೆ’ ಅಂದರೆ ಬರೀ ಮಾತ್ರೆ. ಮಯಾಮಿಯವರು ಮನೆ ಹುಡುಕಿಕೊಡುವುದಕ್ಕೂ ನೆರವಾಗುತ್ತಾರೆ.

ಸದ್ಯಕ್ಕೆ ತಲೆಬರಹ ‘ಜೈಲಿನ ಬದಲು ಆರೈಕೆ’ ಅಂತ ಇಟ್ಟಿದ್ದೇನೆ. ‘ಬದಲು’ ಸಾಕು, ಸುಮ್ನೆ ಹೊಸ ಪದ ಯಾಕೆ ಅನ್ನೋದು ನನ್ನ ವಾದ. ತಲೆಬರಹಕ್ಕೆ ಅದು ಒಪ್ಪುತ್ತದೆ. ಕ್ರಿಯಾಪದ ಬೇಕಾದಾಗ ಮಾತ್ರ ಕೈಕೊಡುತ್ತದೆ. ‘ಅವನನ್ನು ಡೈವರ್ಟ್ ಮಾಡಿದರು’ ಅನ್ನಲು ‘ಆರೈಕೆಗೆ ಹಚ್ಚಿದರು’ ಅಂತ ಬರೆದಿದ್ದೇನೆ, ‘ದಾರಿಗೆ ಹಚ್ಚಿದರು’ ಅನ್ನುವ ಹಾಗೆ. ಇದು ಬೆಂಗಳೂರು, ಮೈಸೂರಿನವರ ಕಿವಿಗೆ ಹೇಗೆ ಕೇಳಿಸುತ್ತದೆ? ಕೆಲಸಕ್ಕೆ ಹಚ್ಚಿದ ಹಾಗೆ ಕೇಳಿಸಿದರೆ ಕಷ್ಟ.

ಧಾರವಾಡ, ಬೆಳಗಾವಿ ಕಡೆಯವರಿಗೆ ಇನ್ನೊಂದು ಪ್ರಶ್ನೆ. ತಿರುಗಿಸು ಅನ್ನೋದಕ್ಕೆ ನೀವು ಹೇಳುವ ‘ಹೊಳ್ಳಿಸು’ ಇದಕ್ಕೆ ಆದೀತಾ? ಮನುಷ್ಯರಿಗೂ ಬಳಸುತ್ತೀರಾ, ಅಥವಾ ಅಲ್ಲೂ ಅಮ್ಮ ಹೇಳಿದ ದನದ ಕಥೆಯೇನಾ?