ಸ್ಲೀವ್ ಸರ್ಜರಿ ನಂತರ ಶುಗರ್ ಇಳಿದರೂ ಎಎಲ್‌ಟಿ ಏರುವುದೇಕೆ?

ಪ್ರಶ್ನೆ: ಫ್ಯಾಟಿ ಲಿವರ್ ಇದ್ದವರು. ಸ್ಲೀವ್ (ತೂಕ ಇಳಿಸಲು ಜಠರದ ಬಹುಭಾಗ ತೆಗೆದು ಕಿರಿದಾಗಿಸುವ ಸರ್ಜರಿ) ಆಗಿ 6 ವಾರ. ಶುಗರ್ ಮೊದಲ ವಾರವೇ ಇಳಿಯಿತು, ಎಎಲ್‌ಟಿ (ಲಿವರ್ ಕೋಶಗಳಿಗೆ ಪೆಟ್ಟಾದಾಗ ರಕ್ತದಲ್ಲಿ ಏರುವ ಕಿಣ್ವ) ಮಾತ್ರ ತುಸು ಏರಿದೆ. ಯಾಕೆ?

ಉತ್ತರ 1: ಎರಡಕ್ಕೂ ಮೂಲ ಒಂದೇ. ಊಟ ತೀರಾ ಕಡಿಮೆಯಾದಾಗ ಲಿವರ್‌ನೊಳಗಿನ ಕೊಬ್ಬು ಬೇಗ ಕರಗುತ್ತದೆ, ಇನ್ಸುಲಿನ್ ಮಾತನ್ನು ಲಿವರ್ ಮತ್ತೆ ಕೇಳುತ್ತದೆ, ರಕ್ತಕ್ಕೆ ಗ್ಲೂಕೋಸ್ ಸುರಿಯುವುದು ತಗ್ಗುತ್ತದೆ. ಅದೇ ಹೊತ್ತಿಗೆ ಮೈಕೊಬ್ಬು ಒಡೆದು ಫ್ಯಾಟಿ ಆಸಿಡ್‌ಗಳು ಲಿವರ್‌ಗೆ ನುಗ್ಗುತ್ತವೆ. ಹಾಗಾಗಿ ಎಎಲ್‌ಟಿ ಕೆಲಕಾಲ ಏರಬಹುದು. ಬಿಲಿರುಬಿನ್ (ಕಾಮಾಲೆ ತರುವ ಹಳದಿ ವಸ್ತು) ಅಥವಾ ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಹಿಡಿಯುವ ಹೊತ್ತಿನ ಅಳತೆ) ಕೂಡ ಏರಿದ್ದರೆ ಕಾಯಲೇಬೇಡಿ, ವೈದ್ಯರನ್ನು ಕಾಣಿ.

ಉತ್ತರ 2: ಪ್ರೋಟೀನ್ ಎಷ್ಟು ಹೋಗುತ್ತಿದೆ? ದಿನಕ್ಕೆ ಕನಿಷ್ಠ 60 ಗ್ರಾಂ ಬೇಕು. ಗಂಜಿ, ಎಳನೀರು ಸಾಲವು. ಬಲಪಕ್ಕೆ ನೋವಿದ್ದರೆ ಪಿತ್ತಕೋಶದ ಕಲ್ಲಿಗೆ ಸ್ಕ್ಯಾನ್ ಮಾಡಿಸಿ.

ಉತ್ತರ 3: ಫೈಬ್ರೋಸಿಸ್ (ಲಿವರ್‌ನೊಳಗಿನ ಗಾಯದ ಕಲೆ) ಇಳಿಯಲು ವರ್ಷಗಳೇ ಬೇಕು. ಮದ್ಯ ಮುಟ್ಟಲೇಬಾರದು.