ಹಾಡು ಮುಗಿದ ಮೇಲೆ ಗೌಹರ್ ಜಾನ್ ತಮ್ಮ ಹೆಸರು ಹೇಳುವುದು ಯಾಕೆ?

ಸಾಗರದ_ಹುಡುಗಿ:
ನಮಸ್ಕಾರ. ತಾತನ ಟ್ರಂಕಿನಲ್ಲಿ ಹಿಂದಿನ ಕಾಲದ ಗಾಯಕಿ ಗೌಹರ್ ಜಾನ್ ಅವರ ಗ್ರಾಮಫೋನ್ ಪ್ಲೇಟು ಸಿಕ್ಕಿತು. ಪಕ್ಕದ ಮನೆಯವರ ಹತ್ತಿರ ಕೀ ಕೊಡುವ ಪೆಟ್ಟಿಗೆ ಇದೆ, ಅದರಲ್ಲಿ ಹಾಕಿ ಕೇಳಿದೆ. ಹಾಡು ಮುಗಿಯುತ್ತಿದ್ದ ಹಾಗೇ ಜೋರಾಗಿ ‘ಮೈ ನೇಮ್ ಈಸ್ ಗೌಹರ್ ಜಾನ್’ ಅಂತಾರೆ. ಯಾಕೆ? ದನಿಯೂ ತುಂಬಾ ತೆಳು, ಚಿಕ್ಕ ಮಗು ಹಾಡಿದ ಹಾಗಿದೆ. ಪ್ಲೇಟು ಹಾಳಾಗಿದೆಯಾ?

ಹಳೇಪ್ಲೇಟು:
ಗಾಬರಿ ಬೇಡಮ್ಮ, ಹಾಳಾಗಿಲ್ಲ. ಮೂವತ್ತು ವರ್ಷದಿಂದ ಪ್ಲೇಟು ಕೂಡಿಡುತ್ತಿದ್ದೇನೆ. ಗೌಹರ್ ಜಾನ್ ಅಂದರೆ ನನಗೆ ಪ್ರಾಣ.

1902ರ ನವೆಂಬರಿನಲ್ಲಿ ಲಂಡನ್ನಿನ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಯಲ್ಲಿ ಇವರ ಹಾಡು ಹಿಡಿದರು. ಆಗ ಮೈಕ್ ಇಲ್ಲ. ದೊಡ್ಡ ಕಹಳೆಯ ಬಾಯಿಗೆ ಮುಖ ಒಡ್ಡಿ ಹಾಡಬೇಕು. ದನಿಯ ಬಲಕ್ಕೇ ಸೂಜಿ ನಡುಗಿ ಮೇಣದ ಮೇಲೆ ಗೀರು ಬೀಳಬೇಕು. ಆ ಮೇಣ ಹಡಗು ಹತ್ತಿ ಜರ್ಮನಿಯ ಹ್ಯಾನೋವರಿಗೆ ಹೋಗಿ, ಅಲ್ಲಿ ಪ್ಲೇಟಾಗಿ ವಾಪಸ್ ಬರುತ್ತಿತ್ತು. ಅಲ್ಲಿನ ಕೆಲಸಗಾರರಿಗೆ ನಮ್ಮ ಹಾಡು ಏನು ತಿಳಿಯಬೇಕು? ಯಾರದ್ದು ಅಂತ ಗೊತ್ತಾಗಬೇಕಲ್ವಾ? ಅದಕ್ಕೇ ಹೆಸರು ಕೂಗುವುದು.

ಆದರೆ ನನಗೆ ದೊಡ್ಡದಾಗಿ ಕಾಣುವುದು ಬೇರೆ. ಮೆಹಫಿಲಿನಲ್ಲಿ, ಅಂದರೆ ಸಂಗೀತದ ಕೂಟದಲ್ಲಿ, ಒಂದು ರಾಗವನ್ನು ಎಷ್ಟೋ ಹೊತ್ತು ಬೆಳೆಸುತ್ತಿದ್ದ ಗಾಯಕಿ, ಇಲ್ಲಿ ಪ್ಲೇಟಿನಲ್ಲಿ ಹಿಡಿಯುವ ಮೂರೇ ನಿಮಿಷದಲ್ಲಿ ಅದರ ಮುಖ ತೋರಿಸಬೇಕು. ಅವರು ತೋರಿಸಿದರು. ಕೇಳಿ ನೋಡಿ, ಎಲ್ಲೂ ಅವಸರ ಇಲ್ಲ. ಕೊನೆಯ ತಾನ್ (ಸ್ವರಗಳ ವೇಗದ ಓಟ) ಮುಗಿಸಿ, ಹೆಸರಿಗೆ ಅಂತಲೇ ಎರಡು ಸೆಕೆಂಡ್ ಉಳಿಸಿಕೊಂಡಿರುತ್ತಾರೆ! ಹೀಗೆ ಹತ್ತಾರು ಭಾಷೆಗಳಲ್ಲಿ ಸುಮಾರು 600 ಹಾಡು ಕೊಟ್ಟರು.

ಇನ್ನು ತೆಳು ದನಿ. ಆಗಿನ ಪ್ಲೇಟುಗಳೆಲ್ಲ ಸರಿಯಾಗಿ ನಿಮಿಷಕ್ಕೆ 78 ಸುತ್ತಿನವಲ್ಲ. ಬೇಕಾದ್ದಕ್ಕಿಂತ ಜೋರಾಗಿ ತಿರುಗಿದರೆ ದನಿ ತೆಳುವಾಗುತ್ತೆ. ಪೆಟ್ಟಿಗೆಯ ವೇಗದ ಸ್ಕ್ರೂ ಸ್ವಲ್ಪ ಸ್ವಲ್ಪವೇ ತಿರುಗಿಸಿ ನಿಧಾನ ಮಾಡಿ. ಮತ್ತೆ ದಯವಿಟ್ಟು ಪ್ರತಿ ಸಲ ಹೊಸ ಸೂಜಿ ಹಾಕಿ. ಅರಗಿನ ಪ್ಲೇಟು, ಸವೆದ ಸೂಜಿ ಗೀರನ್ನೇ ಕೆತ್ತಿಬಿಡುತ್ತೆ.

ಮೈಸೂರಿನವ:
ಅವರ ಕೊನೆಯ ದಿನಗಳು ಕಳೆದದ್ದು ನಮ್ಮೂರಲ್ಲೇ. ಕಲ್ಕತ್ತೆಯ ಕೋರ್ಟು ವ್ಯಾಜ್ಯಗಳಲ್ಲಿ ದುಡ್ಡು ಕರಗಿತ್ತು. 1928ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅರಮನೆಯ ಗಾಯಕಿಯಾಗಿ ಕರೆಸಿಕೊಂಡರು. ಒಂದೂವರೆ ವರ್ಷವೂ ಆಗಿರಲಿಲ್ಲ, 1930ರ ಜನವರಿ 17ರಂದು ಇಲ್ಲೇ ತೀರಿಕೊಂಡರು. ಇದನ್ನು ನೆನೆದಾಗೆಲ್ಲ ಹೊಟ್ಟೆಯಲ್ಲಿ ಸಂಕಟ ಆಗುತ್ತೆ ಸರ್.

ಸಾಗರದ_ಹುಡುಗಿ:
ಹೊಸ ಸೂಜಿ ಹಾಕಿ, ಸ್ಕ್ರೂ ತಿರುಗಿಸಿ ಈಗ ತಾನೇ ಕೇಳಿದೆ. ಮಗುವಿನ ದನಿ ಹೋಗಿ ತುಂಬು ಹೆಂಗಸಿನ ದನಿ ಬಂತು! ಹಿಂದೆ ಹಾರ್ಮೋನಿಯಂ ಇನ್ನೂ ನಿಂತೇ ಇಲ್ಲ, ಅಷ್ಟರಲ್ಲಿ ಹೆಸರು ಹೇಳಿಬಿಡುತ್ತಾರೆ. ಅಮ್ಮನನ್ನೂ ಕರೆದು ಕೇಳಿಸಿದೆ.