ಗದ್ದೆಯ ಏಡಿಗೆ ವಯಸ್ಸು ಎಷ್ಟು ಎಂದು ಹೇಳುವುದು ಹೇಗೆ?

ಗದ್ದೆಬದು (ಸಕಲೇಶಪುರ):
ನಮ್ಮ ಕೆಳಗಿನ ಗದ್ದೆಗೆ ನೀರು ಬರುವ ಕಾಲುವೆಯ ಕಲ್ಲುಸಂದಿಯಲ್ಲಿ ಒಂದು ಏಡಿ ಇದೆ. ಬಲಗಡೆಯ ಇಕ್ಕಳ ಸಣ್ಣದು, ಎಡಗಡೆಯದು ದೊಡ್ಡದು. ಹನ್ನೆರಡು ವರ್ಷದಿಂದ ನೋಡುತ್ತಿದ್ದೇನೆ. ಬದು ತೂತು ಮಾಡಿ ರಾತ್ರೋರಾತ್ರಿ ನೀರು ಖಾಲಿ ಮಾಡುವ ಕಳ್ಳ ಇವನೇ ಎಂದು ಬೈದುಕೊಂಡೇ ಬಂದಿದ್ದೇನೆ.

ಕಳೆದ ವಾರ ಅದೇ ಕಲ್ಲಿನ ಪಕ್ಕ ಏಡಿ ಸತ್ತು ಬಿದ್ದಿತ್ತು. ಎತ್ತಿದರೆ ಹತ್ತಿಯಷ್ಟು ಹಗುರ. ಬೆನ್ನಿನ ಹಿಂದಿನ ಅಂಚು ಬಾಯಿ ತೆರೆದ ಪೆಟ್ಟಿಗೆಯಂತೆ ಬಿರಿದಿತ್ತು, ಒಳಗೆ ಏನೂ ಇಲ್ಲ. ಕಾಲು, ಇಕ್ಕಳ, ಕಣ್ಣಿನ ಮುಚ್ಚಳ ಕೂಡ ಇದ್ದ ಹಾಗೆಯೇ ಇದ್ದವು. ಮಾರನೆಯ ದಿನ ಕಲ್ಲು ಸರಿಸಿದೆ. ಅದೇ ಆಕಾರದ ಏಡಿಯೊಂದು, ಸ್ವಲ್ಪ ದೊಡ್ಡದು, ಮುಟ್ಟಿದರೆ ಹಸಿ ಚರ್ಮದಂತೆ ಮೆತ್ತಗೆ.

ಏಳನೆಯ ತರಗತಿಯ ಮೊಮ್ಮಗಳು ಕೇಳಿದಳು: “ಅಜ್ಜ, ತೇಗದ ಬುಡದಲ್ಲಿ ಉಂಗುರ ಎಣಿಸಿದೆವಲ್ಲ, ಇದರಲ್ಲಿ ಎಲ್ಲಿ ಎಣಿಸುವುದು?” ಚಿಪ್ಪನ್ನು ಬಿಸಿಲಿಗೆ ಹಿಡಿದು ತಿರುಗಿಸಿ ನೋಡಿದೆ. ಒಂದು ಗೆರೆಯೂ ಕಾಣಲಿಲ್ಲ. ತಿಳಿದವರು ಹೇಳಬೇಕು.

ಅರಕಲಗೂಡಿನವಳು:
ಯಜಮಾನರೇ, ಮೀನುಗಾರಿಕೆ ಓದಿದವಳು ನಾನು, ಈಗ ಮಂಗಳೂರಿನಲ್ಲಿದ್ದೇನೆ. ನೀವು ಎತ್ತಿದ್ದು ಸತ್ತ ಏಡಿಯಲ್ಲ, ಬೆಳೆಯುವಾಗ ಕಳಚಿಟ್ಟ ಹಳೆಯ ಚಿಪ್ಪು. ಕಲ್ಲಿನಡಿಯ ಮೆತ್ತನೆಯದೇ ಅದರ ಒಡೆಯ ಇರಬೇಕು. ಇನ್ನು ನಿಮ್ಮ ಮೊಮ್ಮಗಳು ಕೇಳಿದ ಪ್ರಶ್ನೆಗೆ ವಿಜ್ಞಾನಿಗಳು ಇಂದಿಗೂ ತಲೆ ಕೆರೆದುಕೊಳ್ಳುತ್ತಿದ್ದಾರೆ.

ಮೀನಿನ ಕಿವಿಯೊಳಗಿನ ಪುಟ್ಟ ಕಲ್ಲು ಹುಟ್ಟಿನಿಂದ ಸಾವಿನವರೆಗೆ ಜೊತೆಗೇ ಇರುತ್ತದೆ. ಅದನ್ನು ತೆಳ್ಳಗೆ ಉಜ್ಜಿ ಸೂಕ್ಷ್ಮದರ್ಶಕದಲ್ಲಿ ಉಂಗುರ ಎಣಿಸಬಹುದು. ಏಡಿ, ಸಿಗಡಿ, ದೊಡ್ಡ ಸಿಗಡಿಯಂತೆ ಕಾಣುವ ಕಡಲಿನ ಲಾಬ್‌ಸ್ಟರ್ ಹಾಗಲ್ಲ. ಚಿಪ್ಪು ಕಳಚುವಾಗ ಲೆಕ್ಕದ ಪುಸ್ತಕವನ್ನೂ ಎಸೆಯುತ್ತವೆ. ಹೊರಗಿನ ಚಿಪ್ಪಿನ ಜೊತೆಗೆ ಹೊಟ್ಟೆಯೊಳಗೆ ಆಹಾರ ಅರೆಯುವ ಗಟ್ಟಿ ಹಲ್ಲುಗಳೂ ಹೋಗುತ್ತವೆ. 2012ರಲ್ಲಿ ಕೆನಡಾದ ಸಂಶೋಧಕರು ಆ ಹಲ್ಲುಗಳಲ್ಲಿ ಮತ್ತು ಕಣ್ಣಿನ ತೊಟ್ಟಿನಲ್ಲಿ ಗೆರೆಗಳಿವೆ, ವರ್ಷಕ್ಕೊಂದರಂತೆ ಎಣಿಸಬಹುದು ಎಂದರು. ಹಲ್ಲೇ ಕಳಚಿ ಹೋಗುವುದಾದರೆ ಹಳೆಯ ಗೆರೆ ಉಳಿಯುವುದು ಹೇಗೆ ಎಂದು ಬೇರೆಯವರು ತಕರಾರು ತೆಗೆದರು. ನನಗೆ ತಕರಾರಿನವರ ಮಾತೇ ಸರಿ ಅನ್ನಿಸುತ್ತದೆ.

ಇನ್ನೊಂದು ದಾರಿ ಮಿದುಳಿನದು. ವಯಸ್ಸಾದಂತೆ ನರಕೋಶಗಳಲ್ಲಿ ಲಿಪೊಫಸ್ಸಿನ್ ಎಂಬ ಹಳದಿ–ಕಂದು ಕಸ ಸೇರುತ್ತದೆ. ದೀಪದ ಬುಡದಲ್ಲಿ ಕಿಟ್ಟ ಕೂಡುವ ಹಾಗೆ ಅಂದುಕೊಳ್ಳಿ. ಇದನ್ನು ಅಳೆದೇ ಯುರೋಪಿನ ಲಾಬ್‌ಸ್ಟರ್ ಹಲವು ದಶಕ ಬದುಕುತ್ತದೆ ಎಂದು ಅಂದಾಜಿಸಿದರು. ತೊಡಕು ಎಂದರೆ, ನೀರು ಬೆಚ್ಚಗಿದ್ದಷ್ಟೂ ಕಸ ಬೇಗ ಸೇರುತ್ತದೆ. ಆದ್ದರಿಂದ ಒಂದು ಕಡಲಿನ ಲೆಕ್ಕ ಇನ್ನೊಂದಕ್ಕೆ ಹೊಂದುವುದಿಲ್ಲ. ಅಳೆಯಲು ಪ್ರಾಣಿಯನ್ನು ಕೊಲ್ಲಲೂ ಬೇಕು.

ಗಾತ್ರವನ್ನು ನಂಬಬೇಡಿ. ಕಾಫಿ ಗಿಡದ ತಲೆ ಕತ್ತರಿಸಿ ಇಟ್ಟ ತೋಟದಲ್ಲಿ ಎತ್ತರ ನೋಡಿ ವಯಸ್ಸು ಹೇಳುತ್ತೀರಾ? ಏಡಿಗೂ ಅಷ್ಟೇ. ತಿನ್ನಲು ಸಿಕ್ಕಿದರೆ, ನೀರು ಹಿತವಾಗಿದ್ದರೆ ಬೇಗ ಬೆಳೆಯುತ್ತದೆ. ಇಲ್ಲದಿದ್ದರೆ ಅದೇ ಚಿಪ್ಪಿನಲ್ಲಿ ಕಾಲ ತಳ್ಳುತ್ತದೆ.

ಚಿಪ್ಪು ಕಳಚದ ಕಪ್ಪೆಚಿಪ್ಪಿನ ಬಳಗ ಮಾತ್ರ ಪ್ರಾಮಾಣಿಕ. 2006ರಲ್ಲಿ ಐಸ್‌ಲ್ಯಾಂಡ್ ಹತ್ತಿರ ಹಿಡಿದ ಮಿಂಗ್ ಎಂಬ ಕಪ್ಪೆಚಿಪ್ಪಿನ ಗೆರೆಗಳನ್ನು ಎಣಿಸಿದಾಗ ಸಿಕ್ಕಿದ್ದು 507 ವರ್ಷ. ಹುಟ್ಟಿದ್ದು 1499ರಲ್ಲಿ, ಅಂದರೆ ಕೃಷ್ಣದೇವರಾಯ ಪಟ್ಟವೇರುವುದಕ್ಕೆ ಹತ್ತು ವರ್ಷ ಮೊದಲು. ಮೊದಲ ಎಣಿಕೆಯಲ್ಲಿ ನೂರು ವರ್ಷ ತಪ್ಪಿ ಹೋಗಿತ್ತು. ಗೆರೆಗಳು ಅಷ್ಟು ಒತ್ತಾಗಿದ್ದವು. ಹೇಮಾವತಿಯ ಚಿಪ್ಪು ಸಿಕ್ಕಿದರೆ ಮೊಮ್ಮಗಳಿಗೆ ಕೊಡಿ, ಆದರೆ ಹೊರಗಿನ ಪ್ರತಿ ಉಂಗುರವೂ ವರ್ಷವಲ್ಲ, ನೀರು ಬತ್ತಿದ ಕಷ್ಟವೂ ಒಂದು ಗೆರೆ ಬಿಡಬಹುದು.

ನಿಮ್ಮ ಹನ್ನೆರಡು ವರ್ಷದ ಕಳ್ಳನ ಬಗ್ಗೆ ಒಂದು ಅನುಮಾನ. ಮುರಿದ ಇಕ್ಕಳ ಮತ್ತೆ ಬೆಳೆಯುತ್ತದೆ. ಮೊದಲು ಸಣ್ಣದಾಗಿ, ಚಿಪ್ಪು ಕಳಚಿದಂತೆಲ್ಲ ದೊಡ್ಡದಾಗಿ. ಹಾಗಾಗಿ ಮುರಿದದ್ದೇ ಆಗಿದ್ದರೆ ಇಷ್ಟು ವರ್ಷ ಸಣ್ಣದಾಗಿಯೇ ಇರಲಾರದು. ಹಲವು ಏಡಿಗಳಿಗೆ ಸಹಜವಾಗಿಯೇ ಒಂದು ಇಕ್ಕಳ ದೊಡ್ಡದು, ಆದ್ದರಿಂದ ಆ ಗುರುತು ನೋಡಿ ಇಷ್ಟು ವರ್ಷವೂ ಇದ್ದದ್ದು ಒಂದೇ ಏಡಿ ಎನ್ನಲಾಗದು. ಒಳ್ಳೆಯ ಬಿಲ ಒಳ್ಳೆಯ ಬಾಡಿಗೆಮನೆಯ ಹಾಗೆ, ಒಬ್ಬ ಹೋದರೆ ಇನ್ನೊಬ್ಬ ಬರುತ್ತಾನೆ.

ಕೊಪ್ಪದ ರಸಬಾಳೆ:
ನಮ್ಮ ಅಜ್ಜಿ ಏಡಿಯನ್ನು ಕೈಯಲ್ಲಿ ತೂಗಿ ನೋಡುತ್ತಿದ್ದರು. ಚಿಪ್ಪು ಹೊಸದಾಗಿ ಹೊಳೆಯುತ್ತಿದ್ದು ಹಗುರವಾಗಿದ್ದರೆ “ಇದರಲ್ಲಿ ಬರೀ ನೀರು” ಎಂದು ತೋಡಿಗೇ ಬಿಡುತ್ತಿದ್ದರು. ಪಾಚಿ ಹಿಡಿದ ಒರಟು ಚಿಪ್ಪಿನದು ಮಾತ್ರ ಸಾರಿಗೆ. ಅದನ್ನೇ ನಾವು ಮುದಿ ಏಡಿ ಅನ್ನುತ್ತಿದ್ದೆವು. ಈಗ ನೋಡಿದರೆ ಅದು ಏಡಿಯ ವಯಸ್ಸಲ್ಲ, ಅಂಗಿಯ ವಯಸ್ಸು!

ಗದ್ದೆಬದು:
ಹನ್ನೆರಡು ವರ್ಷ ಒಬ್ಬನನ್ನೇ ಬೈದೆ ಎಂದುಕೊಂಡಿದ್ದೆ. ಇರಲಿ. ಬೆನ್ನಿಗೆ ಬಣ್ಣ ಬಳಿದು ಬಿಟ್ಟರೆ ಅವನೇ ಹೌದೋ ಅಲ್ಲವೋ ತಿಳಿಯುವುದಿಲ್ಲವೇ?

ಅರಕಲಗೂಡಿನವಳು:
ಬಣ್ಣ ಚಿಪ್ಪಿನ ಜೊತೆ ಹೋಗುತ್ತದೆ. ಅದಕ್ಕೇ ಲಾಬ್‌ಸ್ಟರ್ ಮರಿಗಳನ್ನು ಸಾಕಿ ಕಡಲಿಗೆ ಬಿಡುವವರು ಮಾಂಸದೊಳಗೆ ಕೂದಲೆಳೆಯಷ್ಟು ಲೋಹದ ತಂತಿ ಸೇರಿಸುತ್ತಾರೆ, ಅದು ಎಷ್ಟು ಬಾರಿ ಕಳಚಿದರೂ ಉಳಿಯುತ್ತದೆ. ಮನೆಯಲ್ಲಿ ಅದು ಆಗದ ಕೆಲಸ. ಕಳಚಿದ ಚಿಪ್ಪನ್ನು ಎಸೆಯದೆ, ಅಗಲವನ್ನು ಅಳತೆಪಟ್ಟಿಯಲ್ಲಿ ಅಳೆದು ತಾರೀಖಿನೊಂದಿಗೆ ಬರೆದಿಡಿ. ಪಕ್ಕದ ಮೆತ್ತನೆಯ ಏಡಿ ಗಟ್ಟಿಯಾದ ಮೇಲೆ ಅದನ್ನೂ ಅಳೆಯಿರಿ. ವಯಸ್ಸು ತಿಳಿಯದಿದ್ದರೂ ಒಂದು ಕಳಚಿಗೆ ಎಷ್ಟು ಬೆಳೆಯಿತು ಎಂಬುದು ತಿಳಿಯುತ್ತದೆ.

ಗದ್ದೆಬದು:
ಚಿಪ್ಪನ್ನು ಹಿತ್ತಿಲ ಕಟ್ಟೆಯ ಮೇಲೆ ಒಣಗಲು ಇಟ್ಟಿದ್ದೆ ತಾಯಿ. ಈಗ ಹೋಗಿ ನೋಡಿದರೆ ಇಲ್ಲ. ಮನೆಯಾಕೆ ಪುಡಿ ಮಾಡಿ ಕೋಳಿಗಳಿಗೆ ಹಾಕಿದ್ದಾಳೆ, ಮೊಟ್ಟೆಯ ತೊಗಟೆ ಗಟ್ಟಿಯಾಗುತ್ತದಂತೆ. ಮೊಮ್ಮಗಳು ಅಳತೆಪಟ್ಟಿ ಹಿಡಿದು ಕಾಲುವೆಯ ಹತ್ತಿರ ಕುಳಿತಿದ್ದಾಳೆ.